ಅತ್ತೆಯ ಸೋಮವಾರ ಯಾವ ಖಾತೆಗೆ?

ಬುದ್ಧಿವಾದ ಕೇಳಿ ನಷ್ಟಪಟ್ಟವರನ್ನು ನಾನು ಕಂಡಿಲ್ಲ. ಕೇಳಿದ್ದನ್ನು ಪಾಲಿಸಲು ಹೊರಟಾಗಲೇ ಖರ್ಚು ಶುರುವಾಗುವುದು. ಈ ಸತ್ಯ ನನ್ನ ಜೊತೆ ಕೆಲಸ ಮಾಡುವ ಎಲ್ಲರಿಗೂ ಮೊದಲೇ ಗೊತ್ತಿತ್ತು. ನನಗೆ ಐವತ್ತಮೂರು ತುಂಬಿದ ಮೇಲೆ ಗೊತ್ತಾಯಿತು. ನನ್ನ ದೌರ್ಬಲ್ಯ ಏನೆಂದರೆ, ಯಾರಾದರೂ ಒಂದು ಚಿತ್ರ ಬರೆದು ಅದರೊಳಗೆ ಎರಡು ಗೆರೆ ಎಳೆದು ತೋರಿಸಿದರೆ ಸಾಕು, ನಂಬಿಬಿಡುತ್ತೇನೆ. ಹಿಂದೊಮ್ಮೆ ಹೀಗೆಯೇ ಬೆನ್ನೆಲುಬಿನ ಚಿತ್ರ ತೋರಿಸಿದವನೊಬ್ಬನ ಮಾತು ಕೇಳಿ ಹಾಸಿಗೆ ಬಿಟ್ಟು ಬರೀ ನೆಲದ ಮೇಲೆ ಮಲಗಲು ಶುರುಮಾಡಿದ್ದೆ. ಎಂಟನೆಯ ದಿನ ಬೆಳಿಗ್ಗೆ ನನ್ನನ್ನು ನೆಲದಿಂದ ಎಬ್ಬಿಸಲು ಪಕ್ಕದ ಮನೆಯ ಇಬ್ಬರನ್ನು ಕರೆಯಬೇಕಾಯಿತು. ಅದರಿಂದಲೂ ನಾನು ಏನೂ ಕಲಿಯಲಿಲ್ಲ.

ನನ್ನ ಮನೆ ಡೊಂಬಿವಲಿಯಲ್ಲಿ, ಕೆಲಸ ತುರ್ಭೆಯ ಒಂದು ಗೋದಾಮಿನ ಆಫೀಸಿನಲ್ಲಿ. ಕಳೆದ ವರ್ಷ ಒಂದು ಮಧ್ಯಾಹ್ನ, ಊಟ ಮುಗಿಸಿ ನಾವೆಲ್ಲ ಕುರ್ಚಿಯಲ್ಲಿ ಕೂತೇ ಒಂದು ಸಣ್ಣ ನಿದ್ದೆ ತೆಗೆಯುವ ಹೊತ್ತಿನಲ್ಲಿ, ನಮ್ಮನ್ನು ಕ್ಯಾಂಟೀನಿಗೆ ಕರೆಸಿ ಸಾಲಾಗಿ ಕೂರಿಸಿದರು. ಸಂಬಳವನ್ನು ಹೇಗೆ ಖರ್ಚು ಮಾಡಬೇಕೆಂದು ಹೇಳಿಕೊಡಲು ಒಬ್ಬ ತರುಣ ಬಂದಿದ್ದ. ಸಂಬಳ ಹೆಚ್ಚು ಮಾಡಿ ಎಂದು ನಾವು ಅರ್ಜಿ ಕೊಟ್ಟು ಎರಡು ತಿಂಗಳಾಗಿತ್ತು. ಅದಕ್ಕೆ ಉತ್ತರವಾಗಿ ಕಂಪನಿ ಇವನನ್ನು ಕಳಿಸಿತ್ತು. ಬೂಟು ಹಾಕಿದ್ದ, ಕಾಲುಚೀಲ ಹಾಕಿರಲಿಲ್ಲ. ಕಾಲುಚೀಲದಲ್ಲೂ ಉಳಿಸುವವನು ಎಂದರೆ ವಿಷಯ ತಿಳಿದವನೇ ಇರಬೇಕು ಎಂದು ನನಗೆ ಆಗಲೇ ಗೌರವ ಮೂಡಿತು. ಅವನು ಪರದೆಯ ಮೇಲೆ ಜೋಳದ ರೊಟ್ಟಿಯಂಥ ಒಂದು ದುಂಡನೆಯ ಚಿತ್ರ ತೋರಿಸಿ ಅದನ್ನು ಮೂರು ಪಾಲು ಮಾಡಿದ. ಕೈಗೆ ಬರುವ ಸಂಬಳದಲ್ಲಿ ಐವತ್ತು ಪಾಲು ಬೇಕೇಬೇಕಾದದ್ದಕ್ಕೆ, ಮೂವತ್ತು ಪಾಲು ಮನಸ್ಸಿನ ಆಸೆಗೆ, ಇಪ್ಪತ್ತು ಪಾಲು ಉಳಿತಾಯಕ್ಕೆ. ಇಷ್ಟೇ. ನನ್ನ ಪಕ್ಕದಲ್ಲಿದ್ದ ಪಾಟೀಲ ಕಣ್ಣು ತೆರೆಯದೆಯೇ, ತನ್ನ ರೊಟ್ಟಿ ತಟ್ಟೆಗೆ ಬರುವ ಮೊದಲೇ ಬ್ಯಾಂಕಿನವನು ಅರ್ಧ ತಿಂದಿರುತ್ತಾನೆ ಎಂದು ಮರಾಠಿಯಲ್ಲಿ ಗೊಣಗಿ ಮತ್ತೆ ನಿದ್ದೆಹೋದ. ನಾನು ಮಾತ್ರ ಚೀಟಿಯಲ್ಲಿ ಬರೆದುಕೊಂಡೆ.

ನನ್ನನ್ನು ನೋಡಿ ನಗುವ ಮೊದಲು ಒಂದು ಮಾತು ಕೇಳಿ. ನನ್ನ ಮಗಳು ಮಾನಸಿ ಹನ್ನೊಂದನೆಯ ಕ್ಲಾಸು. ಇನ್ನೆರಡು ವರ್ಷಕ್ಕೆ ಡಿಗ್ರಿಯ ದೊಡ್ಡ ಫೀಸು ಎದುರು ನಿಲ್ಲುತ್ತದೆ. ಇಷ್ಟು ವರ್ಷ ದುಡಿದು ನಾನು ಉಳಿಸಿದ್ದೇನೆಂದು ನೋಡಿದರೆ, ಹಳೆಯ ಡೈರಿಗಳು ಮತ್ತು ಒಂದು ಕೆಟ್ಟ ಮಿಕ್ಸರು. ರಾತ್ರಿ ಇದನ್ನು ನೆನೆದರೆ ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿತ್ತು. ಹೆದರಿದ ಮನುಷ್ಯನಿಗೆ ರೊಟ್ಟಿಯ ಚಿತ್ರವೂ ದೇವರ ಪಟದಂತೆ ಕಾಣುತ್ತದೆ.

ಮರುದಿನ ಭಾನುವಾರ ಮನೆಯಲ್ಲಿ ಸಭೆ ಕರೆದೆ. ಹೆಂಡತಿ ಗಿರಿಜಾ, ಮಗಳು, ನಮ್ಮ ಜೊತೆಗಿರುವ ಅತ್ತೆ, ನಾನು. ಒಂದು ಖಾತೆಯಲ್ಲಿ ಎಲ್ಲ ಹಣ ಇದ್ದರೆ ಆಸೆಯ ಕೈ ಉಳಿತಾಯಕ್ಕೆ ಚಾಚುತ್ತದೆ, ಆದ್ದರಿಂದ ಮೂರು ಖಾತೆ ಬೇಕು ಎಂದು ಆ ಹುಡುಗ ಹೇಳಿದ್ದ. ಮಾನಸಿ ನನ್ನ ಫೋನು ಕಿತ್ತುಕೊಂಡು ಮೂರು ಬ್ಯಾಂಕಿನ ಮೂರು ಆ್ಯಪು ಸಾಲಾಗಿ ಇಟ್ಟುಕೊಟ್ಟಳು. ಹೆಸರೂ ಅವಳೇ ಇಟ್ಟಳು: ಜರೂರಿ, ಮಜಾ, ಬಚತ್. ಅಗತ್ಯ, ಆಸೆ, ಉಳಿತಾಯ ಎಂದು ಕನ್ನಡದಲ್ಲಿ ಬರೆಯೋಣ ಎಂದೆ. "ಪಪ್ಪಾ, ಫಿರ್ ಮೈ ಕೈಸೆ ಪಢೂಂಗೀ?" ಎಂದಳು. ಕನ್ನಡ ಓದಲು ಬಾರದವಳ ಮೇಲೆ ಹಟ ಮಾಡಿ ಏನು ಪ್ರಯೋಜನ, ಅವಳಿಟ್ಟ ಹೆಸರೇ ನಿಂತಿತು.

ಮೊದಲ ಜಗಳ ಹಿಟ್ಟಿನ ಮೇಲೆ ಬಂತು. ಇದಕ್ಕೆ ನಮ್ಮ ಮದುವೆಯೇ ಕಾರಣ. ನಾನು ಉಡುಪಿ ಕಡೆಯವನು, ಗಿರಿಜಾ ವಿಜಯಪುರದ ಸಿಂದಗಿ ಕಡೆಯವಳು. ಊರಿನಲ್ಲಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುವ ಸಂಭವವೇ ಇರಲಿಲ್ಲ. ಡೊಂಬಿವಲಿಯ ಒಂದು ಕನ್ನಡ ನಾಟಕದ ತಾಲೀಮಿನಲ್ಲಿ ನಾನು ಮಾತು ಎತ್ತಿಕೊಡುವವನಾಗಿದ್ದೆ, ಅವಳು ಎರಡನೆಯ ಸಖಿ. ನಾನು "ಉಂಟು" ಎಂದಾಗಲೆಲ್ಲ ಅವಳು ನಗುತ್ತಿದ್ದಳು, ನಕ್ಕಾಗಲೆಲ್ಲ ಮಾತು ಮರೆಯುತ್ತಿದ್ದಳು, ಮರೆತಾಗಲೆಲ್ಲ ನಾನು ಎತ್ತಿಕೊಡುತ್ತಿದ್ದೆ. ಹೀಗೆ ಶುರುವಾದ ಸಂಸಾರದಲ್ಲಿ ಇಪ್ಪತ್ತೆರಡು ವರ್ಷದಿಂದ ಕುಚ್ಚಲಕ್ಕಿಯ ಡಬ್ಬಿಯೂ ಜೋಳದ ಹಿಟ್ಟಿನ ಡಬ್ಬಿಯೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇವೆ. ನಾನು ಚೀಟಿಯಲ್ಲಿ ಅಕ್ಕಿಯನ್ನು ಜರೂರಿಗೂ ಜೋಳವನ್ನು ಮಜಾಕ್ಕೂ ಹಾಕಿದ್ದೆ. ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಕೈ ತಾನಾಗಿಯೇ ಹಾಗೆ ಬರೆದಿತ್ತು.

"ಯಾಕ್ರೀ, ಜ್ವಾಳದ ಹಿಟ್ಟು ಮಜಾದಾಗ ಹಾಕೀರಿ?" ಎಂದಳು ಗಿರಿಜಾ.

"ಹೊಟ್ಟೆ ತುಂಬಲಿಕ್ಕೆ ಅಕ್ಕಿ ಉಂಟಲ್ಲ ಮಾರಾಯ್ತಿ. ರೊಟ್ಟಿ ಎಂದರೆ ಮೇಲಿಂದ ಒಂದು ಸಂತೋಷ."

"ಯಾರ ಹೊಟ್ಟಿ? ಅನ್ನಾ ಉಂಡ್ರ ನಮ್ಮವ್ವಗ ಉಂಡಂಗ ಆಗಂಗಿಲ್ಲ. ನಿಮ್ಮ ಆ ಕೆಂಪಕ್ಕಿ ಗಂಜಿನ್ನ ಮಜಾದಾಗ ಹಾಕ್ರಿ. ನೀವು ಅದನ್ನ ಸುರ್ ಅಂತ ಕುಡಿಯೂದು ನೋಡಿದ್ರ ನಮಗೂ ಮಜಾ ಬರತದ."

"ದೋನೋ ಜರೂರಿ. ಖತಮ್," ಎಂದು ಮಾನಸಿ ಫೋನಿನಿಂದ ತಲೆ ಎತ್ತದೆ ತೀರ್ಪು ಕೊಟ್ಟಳು. ಎರಡು ರಾಜ್ಯಗಳ ಗಡಿ ವಿವಾದವನ್ನು ಬಗೆಹರಿಸಲು ಇವಳನ್ನು ಕಳಿಸಬೇಕಿತ್ತು ಎನ್ನಿಸಿತು.

ಜರೂರಿ ಯಾವುದು, ಮಜಾ ಯಾವುದು ಎಂದು ಮನೆಯಲ್ಲಿ ಕೂತು ಬರೆಯುವುದು ಸುಲಭ. ರಸ್ತೆಯಲ್ಲಿ ನಿಂತು ನಿರ್ಧರಿಸುವುದು ಕಷ್ಟ. ಸಂಜೆ ತುರ್ಭೆ ಸ್ಟೇಷನ್ನಿನ ಹೊರಗೆ ವಡಾಪಾವಿನ ಗಾಡಿಯ ಎದುರು ಫೋನು ಹಿಡಿದು ನಿಂತೆ. ಮಧ್ಯಾಹ್ನ ಊಟ ಸರಿಯಾಗಿ ಆಗಿರಲಿಲ್ಲ, ಆದ್ದರಿಂದ ಇದು ಹಸಿವು, ಜರೂರಿ. ಆದರೆ ಮನೆಗೆ ಹೋದರೆ ಊಟ ಕಾದಿದೆ, ಆದ್ದರಿಂದ ಮಜಾ. ಆದರೆ ಮನೆ ತಲುಪಲು ಇನ್ನೂ ಒಂದು ಗಂಟೆ ಬೇಕು, ಅಲ್ಲಿಯವರೆಗೆ ನಿಲ್ಲಲು ಶಕ್ತಿ ಬೇಕು, ಆದ್ದರಿಂದ ಮತ್ತೆ ಜರೂರಿ. ಹಿಂದಿದ್ದವರು "ಚಲಾ ಕಾಕಾ, ಚಲಾ" ಎಂದು ನನ್ನನ್ನು ಮುಂದೆ ತಳ್ಳಿದರು. ಕೊನೆಗೆ ಮೊದಲ ವಡೆಯ ಹಣವನ್ನು ಜರೂರಿಯಿಂದಲೂ ಜೊತೆಗೆ ತೆಗೆದುಕೊಂಡ ಎರಡನೆಯ ವಡೆಯ ಹಣವನ್ನು ಮಜಾದಿಂದಲೂ ಕೊಟ್ಟೆ. ಗಾಡಿಯವನು ಎರಡು ಸಲ ಹಣ ಬಂದ ಸದ್ದು ಕೇಳಿ, ನನ್ನ ಮುಖ ನೋಡಿ, ಪಾಪ ಎನ್ನಿಸಿತೋ ಏನೋ, ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿದ.

ಒಂದು ವಿಷಯದಲ್ಲಿ ಮಾತ್ರ ನನಗೆ ಕ್ಷಣವೂ ಅನುಮಾನ ಬರಲಿಲ್ಲ. ಅದು ಲೋಕಲ್ ರೈಲಿನ ನನ್ನ ಫಸ್ಟ್ ಕ್ಲಾಸ್ ಪಾಸು. ಒಂಬತ್ತು ವರ್ಷದ ಹಿಂದೆ ನನ್ನ ಹುದ್ದೆಯ ಹೆಸರಿನ ಮುಂದೆ ಸೀನಿಯರ್ ಎಂದು ಸೇರಿದ ದಿನ ನಾನು ಸೆಕೆಂಡ್ ಕ್ಲಾಸ್ ಬಿಟ್ಟು ಫಸ್ಟ್ ಕ್ಲಾಸಿಗೆ ಹೋದೆ. ಡೊಂಬಿವಲಿಯ ಬೆಳಗಿನ ಗಾಡಿಯಲ್ಲಿ ಫಸ್ಟ್ ಕ್ಲಾಸಿನಲ್ಲೂ ಕೂರಲು ಜಾಗ ಸಿಗುವುದಿಲ್ಲ ಎಂಬುದು ಬೇರೆ ಮಾತು. ಸೆಕೆಂಡ್ ಕ್ಲಾಸಿನಲ್ಲಿ ಬೈದು ತಳ್ಳುತ್ತಾರೆ, ಇಲ್ಲಿ "ಸಾರಿ" ಎಂದು ಹೇಳಿ ತಳ್ಳುತ್ತಾರೆ. ಆ ಒಂದು "ಸಾರಿ"ಗೇ ನಾನು ಅಷ್ಟು ಹಣ ಕೊಡುತ್ತಿದ್ದೆ. ಪಾಸನ್ನು ಜರೂರಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದು, "ಬೆನ್ನುನೋವು" ಎಂದು ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದೆ. ಗಿರಿಜಾ ಅದನ್ನು ಓದಿ ನನ್ನ ಬೆನ್ನಿನ ಕಡೆಗೊಮ್ಮೆ ನೋಡಿದಳು.

ಎರಡು ತಿಂಗಳಾಯಿತು. ಬಚತ್ ಖಾತೆಯಲ್ಲಿ ಇಪ್ಪತ್ತು ಪಾಲು ಹೋಗಲಿ, ಎಂಟೂ ನಿಲ್ಲಲಿಲ್ಲ. ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಅತ್ತೆಯ ಸೋಮವಾರ.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮಲ್ಲಿಗೆ ಬಂದು ನಾಲ್ಕು ವರ್ಷ. ಎಪ್ಪತ್ತು ದಾಟಿದರೂ ಗಟ್ಟಿ, ಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ನನ್ನೆದುರು ಹೆಚ್ಚು ಮಾತಾಡುತ್ತಿರಲಿಲ್ಲ. ಅಳಿಯನ ಮುಂದೆ ಬಾಯಿ ಬಿಡಬಾರದೆಂಬ ಹಳೆಯ ಕಾಲದವರು. ಹಗಲಿಡೀ ಮನೆಯಲ್ಲಿ ಒಬ್ಬರೇ. ಗಿರಿಜಾ ಕಲ್ಯಾಣದ ಒಂದು ದವಾಖಾನೆಯ ಕೌಂಟರಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಮಾನಸಿಗೆ ಕಾಲೇಜು, ಆಮೇಲೆ ಟ್ಯೂಷನ್ ಕ್ಲಾಸು. ಎದುರು ಮನೆಯವರು ಗುಜರಾತಿಗಳು, ಪಕ್ಕದವರು ಮರಾಠಿಗರು. ಅತ್ತೆ ಅವರನ್ನು ಕಂಡರೆ ನಗುತ್ತಾರೆ, ಅವರೂ ನಗುತ್ತಾರೆ, ಬಾಗಿಲು ಹಾಕುತ್ತಾರೆ. ಮೊಮ್ಮಗಳನ್ನು ಅಜ್ಜಿ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಅವಳು ಹಿಂದಿಯಲ್ಲಿ ಒಂದು ಉತ್ತರ ಕೊಡುತ್ತಾಳೆ, ಅಲ್ಲಿಗೆ ಸಂಭಾಷಣೆ ಸಮಾಪ್ತಿ. ಅಂಥ ಅತ್ತೆ ಪ್ರತಿ ಸೋಮವಾರ ಬೆಳಿಗ್ಗೆ ಎಂಟು ಹತ್ತು ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿಕೊಂಡು, ಸ್ಟೇಷನ್ನಿಗೆ ರಿಕ್ಷಾ ಹಿಡಿದು, ಅಲ್ಲಿಂದ ಗಾಡಿ ಹತ್ತಿ, ಅಂಬರನಾಥದಲ್ಲಿ ಇಳಿದು ಮತ್ತೆ ರಿಕ್ಷಾ ಹಿಡಿದು ಅಲ್ಲಿನ ಹಳೆಯ ಶಿವನ ಗುಡಿಗೆ ಹೋಗಿ ಸಂಜೆ ಬರುತ್ತಿದ್ದರು.

ನಾನು ಒಂದು ತಿಂಗಳಿನ ನಾಲ್ಕು ಸೋಮವಾರಗಳ ರಿಕ್ಷಾ, ಟಿಕೆಟ್ಟು, ರೊಟ್ಟಿ ಎಲ್ಲ ಕೂಡಿಸಿದೆ. ದೊಡ್ಡ ಮೊತ್ತವೇನಲ್ಲ. ಆದರೆ ಲೆಕ್ಕ ಹಾಕುವವನ ಕಣ್ಣಿಗೆ ದೊಡ್ಡದು ಕಾಣುವುದಿಲ್ಲ, ಹೊಸದಾಗಿ ಸಿಕ್ಕಿದ್ದು ಕಾಣುತ್ತದೆ. ನಮ್ಮ ಗಲ್ಲಿಯ ಕೊನೆಯಲ್ಲಿಯೇ ಒಂದು ಶಿವನ ಗುಡಿ ಇದೆ, ಹತ್ತು ಹೆಜ್ಜೆ, ಪುಕ್ಕಟೆ. ಮೇಲಾಗಿ ಅಂಬರನಾಥದ ಗರ್ಭಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು. ಮಂಡಿನೋವಿನಿಂದ ಅತ್ತೆ ಕೆಳಗೆ ಇಳಿಯುವುದೇ ಇಲ್ಲ, ಮೇಲಿನಿಂದಲೇ ಕೈಮುಗಿಯುತ್ತಾರೆ ಎಂದು ಗಿರಿಜಾ ಒಮ್ಮೆ ಹೇಳಿದ್ದಳು. ದೇವರನ್ನೇ ನೋಡದ ದೇವರ ದರ್ಶನ ಜರೂರಿ ಹೇಗಾದೀತು? ಮಜಾವೇ ಸರಿ. ಮಜಾದ ಪಾಲು ಆ ತಿಂಗಳು ಹತ್ತನೇ ತಾರೀಖಿಗೇ ಮುಗಿದಿತ್ತು.

ಇದನ್ನೆಲ್ಲ ನಾನು ಅತ್ತೆಗೆ ಬಹಳ ನಯವಾಗಿ, ಅವರ ಮಂಡಿಯ ಮೇಲಿನ ಕಾಳಜಿಯಿಂದ ಎಂಬಂತೆ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು, "ಆತು ಬಿಡ್ರಿ ಅಳಿಯಂದ್ರ. ದೇವರು ಎಲ್ಲಿದ್ರೂ ಒಬ್ಬನ," ಎಂದರು. ಅಷ್ಟೇ. ಇಷ್ಟು ಸುಲಭವಾಗಿ ಉಳಿತಾಯ ಮಾಡಬಹುದು ಎಂದು ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮುಂದಿನ ಮಂಗಳವಾರ ಸಂಜೆ ಬಾಗಿಲು ತೆಗೆದವರು ಅತ್ತೆ. "ಕೂಡ್ರಿ ಅಳಿಯಂದ್ರ, ಒಂದ್ ಮಾತದ," ಎಂದರು. ನನಗೆ ಗಾಬರಿಯಾಯಿತು. ನಾಲ್ಕು ವರ್ಷದಲ್ಲಿ ಅವರು ನನ್ನನ್ನು ಕೂರಿಸಿ ಮಾತಾಡಿಸಿದ್ದೇ ಇಲ್ಲ. ಆ ಒಂದು ಮಾತು ಅವರ ಸೋದರತ್ತೆಯ ಮದುವೆಯಲ್ಲಿ ಶುರುವಾಗಿ, ಹಿರೇ ಎಮ್ಮೆಯ ಮೂರನೆಯ ಕರುವಿಗೆ ತಲುಪಿದಾಗ ಚಹಾ ಆರಿತ್ತು. ಹೊಲದ ಬದುವಿನ ಮೇಲೆ ದಾಯಾದಿಗಳು ಹೂಡಿದ ಕೋರ್ಟು ಕೇಸಿಗೆ ಬಂದಾಗ ಊಟದ ಹೊತ್ತಾಗಿತ್ತು. ಬುಧವಾರ ಆ ಕೇಸು ಮುಂದುವರಿಯಿತು. ಗುರುವಾರ ತೀರ್ಪು ಬಂತು, ಶುಕ್ರವಾರ ಮೇಲ್ಮನವಿ. ಬರೀ ಕೇಳಿದರೂ ಸಾಲದು, ನಡುನಡುವೆ ಪರೀಕ್ಷೆ ಬೇರೆ. "ಹಂಗಾರ ಕಲ್ಲವ್ವ ಯಾರ ಸೊಸಿ ಹೇಳ್ರಿ ನೋಡೂಣು," ಎಂದು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ಫಸ್ಟ್ ಕ್ಲಾಸಿನಲ್ಲಿ ಕಂಬ ಹಿಡಿದು ನಿಂತು ನಾನು ಕಲ್ಲವ್ವ, ಮಲ್ಲವ್ವ, ನಿಂಗವ್ವರ ಸಂಬಂಧಗಳನ್ನು ಬಾಯಿಪಾಠ ಮಾಡತೊಡಗಿದೆ. ಪಕ್ಕದಲ್ಲಿದ್ದವರು ನಾನು ಸಹಸ್ರನಾಮ ಹೇಳುತ್ತಿದ್ದೇನೆಂದು ತಿಳಿದು ಸ್ವಲ್ಪ ಸರಿದು ನಿಂತರು.

ಎರಡನೆಯ ವಾರ ನಾನು ಒಂದು ಗಾಡಿ ತಡಮಾಡಿ ಬರತೊಡಗಿದೆ. ಮೂರನೆಯ ವಾರ ಎರಡು ಗಾಡಿ. ಗಿರಿಜಾ ತಟ್ಟೆ ಇಡುತ್ತಾ ಕೇಳಿದಳು.

"ಗಾಡಿ ಲೇಟ್ ಇತ್ತೇನ್ರೀ?"

"ಹೌದು."

"ದಿನಾ?"

ನಾನು ಗಂಜಿಯಲ್ಲಿ ಉಪ್ಪು ಹುಡುಕಿದೆ. ಅವಳು ಧ್ವನಿ ತಗ್ಗಿಸಿ, "ಅವ್ವ ಅಂಬರನಾಥದಾಗ ಬಿಟ್ಟು ಬರತಿದ್ದ ಮಾತು ಈಗ ಮನ್ಯಾಗ ಉಳೀಲಿಕ್ಕತ್ತಾವ. ನೀವು ಉಳಿಬೇಕು ಉಳಿಬೇಕು ಅಂತಿದ್ರೆಲ್ಲ," ಎಂದಳು. ಆಮೇಲೆ ನಗುತ್ತಿದ್ದವಳು ನಗು ನಿಲ್ಲಿಸಿ ಹೇಳಿದಳು: "ನಿಮ್ಮ ಮುಂದ ಅಷ್ಟರ ಮಾತಾಡ್ತಾಳ. ಹಗಲೊತ್ತು ನಾನು ಫೋನ್ ಮಾಡಿದ್ರ ಒಂದು ಹ್ಞೂಂ ಅಂತಾಳ, ಇಡ್ತಾಳ. ರೊಟ್ಟಿ ಒಂದು ಇದ್ದದ್ದು ಅರ್ಧಾ ಆಗೇದ. ಸೋಮವಾರ ಬಂದ್ರ ಸೀರಿ ಬದಲ ಮಾಡಿ ಬಾಗಿಲ ಹತ್ರ ಕೂಡತಾಳ, ಎಲ್ಲೂ ಹೋಗಂಗಿಲ್ಲ. ಒಂದ್ಸಲ ನೀವ ಕರಕೊಂಡು ಹೋಗಿ ಬರ್ರಿ."

ಸೀರೆ ಬದಲಿಸಿ ಬಾಗಿಲ ಬಳಿ ಕೂರುತ್ತಾರೆ ಎಂಬ ಮಾತು ಕೇಳಿದ ಮೇಲೆ ಮುಂದಿನ ಸೋಮವಾರಕ್ಕೆ ರಜೆ ಹಾಕಿದೆ. ಅತ್ತೆಯ ಮೇಲಿನ ಕನಿಕರ ಅರ್ಧ, ಕಲ್ಲವ್ವನಿಂದ ಬಿಡುಗಡೆ ಸಿಕ್ಕೀತೆಂಬ ಆಸೆ ಅರ್ಧ. ಸುಳ್ಳು ಯಾಕೆ ಹೇಳಲಿ.

ನನ್ನ ಫಸ್ಟ್ ಕ್ಲಾಸ್ ಪಾಸು ತುರ್ಭೆಯ ಕಡೆಗೆ ಮಾತ್ರ, ಅಂಬರನಾಥ ಅದಕ್ಕೆ ಎದುರು ದಿಕ್ಕು. ಎರಡು ಸೆಕೆಂಡ್ ಕ್ಲಾಸ್ ಟಿಕೆಟ್ಟು ತೆಗೆದೆ. ಆ ಹೊತ್ತಿಗೆ ಆ ದಿಕ್ಕಿನ ಗಾಡಿ ಖಾಲಿ, ಕಿಟಕಿಯ ಪಕ್ಕವೇ ಕೂತೆವು. ಅತ್ತೆ ರೊಟ್ಟಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಲ್ಯಾಣ ಬಂತು, ವಿಠ್ಠಲವಾಡಿ ಬಂತು, ಎಂದು ನನಗೆ ಊರು ತೋರಿಸುವವರಂತೆ ಹೇಳುತ್ತಾ ಹೋದರು. ಮೂವತ್ತು ವರ್ಷದಿಂದ ಇಲ್ಲಿರುವವನು ನಾನು. ಅವರ ಪಾಲಿಗೆ ಆ ದಾರಿಯಲ್ಲಿ ನಾನು ಹೊಸಬ.

ಗುಡಿಯಲ್ಲಿ ಅತ್ತೆ ಮೇಲಿನಿಂದಲೇ ಕೈಮುಗಿದರು. ಶಿವನಿಗೆ ಅರ್ಧ ನಿಮಿಷವೂ ಸಿಗಲಿಲ್ಲ. ಆಮೇಲೆ ಸರಸರ ಎಂದು, ಮಂಡಿನೋವು ಯಾರಿಗೆ ಎಂಬಂತೆ, ಗುಡಿಯ ಹಿಂಬದಿಗೆ ನಡೆದರು. ಅಲ್ಲಿ ಮರದ ನೆರಳಿನಲ್ಲಿ ನಾಲ್ವರು ಹೆಂಗಸರು ಕೂತಿದ್ದರು. ಸೀರೆಯ ಮೇಲೆ ಗಂಡಸರ ಅಂಗಿ, ಪಾದಕ್ಕೆಲ್ಲ ಸಿಮೆಂಟು. ಪಕ್ಕದಲ್ಲಿ ಏಳುತ್ತಿರುವ ಕಟ್ಟಡದಲ್ಲಿ ಬುಟ್ಟಿ ಹೊರುವವರು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಅತ್ತೆಯನ್ನು ಕಂಡು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬಳು ಎದ್ದು ಬಂದು ಅತ್ತೆಯ ಕೈ ಹಿಡಿದು, ಹಿಡಿದ ಕೈಯನ್ನು ಒತ್ತಿ ಒತ್ತಿ ನೋಡಿದಳು. ಅವಳು ಶಾಂತವ್ವ, ಕಲಬುರಗಿ ಕಡೆಯವಳೆಂದು ಆಮೇಲೆ ತಿಳಿಯಿತು.

"ಆಯಿ, ನೀ ಅದೀಯಾ?" ಎಂದಳು.

"ಇರಲಾರದ ಎಲ್ಲಿ ಹೋಗ್ಲೆ?"

"ಮೂರು ಸೋಮವಾರ ಬರಲಿಲ್ಲ. ನಂಬರ್ ಇಲ್ಲ, ಹೆಸರು ಗೊತ್ತಿಲ್ಲ. ಡೊಂಬಿವಲಿ ಆಯಿ ಅಂತ ಯಾರಿಗಂತ ಕೇಳಾಮು? ಆರಾಮಿಲ್ಲೋ ಏನ ಹೋಗೇಬಿಟ್ಟಿಯೋ ತಿಳೀಲಿಲ್ಲ. ನಾಕೂ ಮಂದಿ ಪಟ್ಟಿ ಹಾಕಿ ಒಂದು ಕಾಯಿ ಒಡಸೀವಿ."

"ಯಾತಕ್ಕ?"

"ಇದ್ರ ಆರಾಮ ಆಗ್ಲಿ, ಹೋಗಿದ್ರ ಶಾಂತಿ ಸಿಗ್ಲಿ ಅಂತ. ಎರಡಕ್ಕೂ ಒಂದ ಕಾಯಿ ನಡೀತದ ಅಂದ್ರು."

ಅತ್ತೆ ಮೊದಲು ನಕ್ಕರು. ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಹೋಯಿತು. ಹೆಂಗಸರೂ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದರು. ನಾನು ಸ್ವಲ್ಪ ದೂರದಲ್ಲಿ ನನ್ನ ಬೂಟು ನೋಡುತ್ತಾ ನಿಂತೆ. ನನಗೆ ಆಗ ಆದದ್ದು ನಾಚಿಕೆ, ಅದಕ್ಕೆ ಬೇರೆ ಹೆಸರಿಲ್ಲ. ನಾಲ್ಕು ಸೋಮವಾರದ ರಿಕ್ಷಾ ಬಾಡಿಗೆ ಉಳಿಸಲು ಹೋಗಿ ನಾನು ಅತ್ತೆಯನ್ನು ಅರ್ಧ ಸಾಯಿಸಿದ್ದೆ, ಆ ಸಾವಿಗೆ ಈ ಹೆಂಗಸರು ತಮ್ಮ ಕೂಲಿಯಿಂದ ಕಾಯಿ ಒಡೆಸಿದ್ದರು.

"ಇವರು ನಮ್ಮ ಅಳಿಯಂದ್ರು," ಎಂದು ಅತ್ತೆ ಪರಿಚಯ ಮಾಡಿಸಿದರು. ದೂರು ಹೇಳಬಹುದಿತ್ತು, ಹೇಳಲಿಲ್ಲ. "ಭಾಳ ಶಾಣ್ಯಾರು. ಪಗಾರ ಬಂದ ಕೂಡಲೆ ಮೂರು ಪಾಲು ಮಾಡ್ತಾರ," ಎಂದರು. ಅದು ಹೊಗಳಿಕೆಯೋ ಬೇರೆ ಏನೋ ಅವರ ಮುಖ ನೋಡಿ ಹೇಳಲಾಗಲಿಲ್ಲ.

"ಹೆಂಗ ಮಾಡ್ತೀರಿ ಸಾಯೇಬ್ರ? ನಮಗೂ ಹೇಳ್ರಿ," ಎಂದಳು ಶಾಂತವ್ವ. ಅವಳು ನಿಜವಾಗಿಯೇ ತಿಳಿಯಲು ಕೇಳಿದಳು. ತೋರಿಸಲು ಚಿತ್ರ ಬೇಕಿತ್ತು. ಅತ್ತೆಯ ಗಂಟಿನಿಂದ ಒಂದು ರೊಟ್ಟಿ ತೆಗೆದುಕೊಂಡು ಅರ್ಧ ಮುರಿದೆ. ಇದು ಬೇಕೇಬೇಕಾದದ್ದು: ಬಾಡಿಗೆ, ಅಕ್ಕಿ, ಹಿಟ್ಟು, ಊರಿಗೆ ಕಳಿಸುವುದು. ಇದು ಮನಸ್ಸಿನ ಆಸೆ. ಇಷ್ಟು ತುಂಡು ಉಳಿತಾಯ. ಆ ಹುಡುಗನಿಗಿಂತ ಚೆನ್ನಾಗಿಯೇ ವಿವರಿಸಿದೆ, ಕಾಲುಚೀಲವನ್ನೂ ಹಾಕಿದ್ದೆ.

ಶಾಂತವ್ವ ಮೂರು ತುಂಡನ್ನೂ ನೋಡಿದಳು. "ಸೋಮವಾರ ನಾವು ಮಧ್ಯಾಹ್ನದ ಮ್ಯಾಲ ಕೆಲಸಕ್ಕ ಹೋಗಂಗಿಲ್ರಿ. ಮುಕಾದಮ ಅರ್ಧಾ ಪಗಾರ ಕಡೀತಾನ. ಅದು ಇದ್ರಾಗ ಯಾವ ತುಕಡ್ಯಾಗ ಬರತದ್ರಿ?"

"ಅದು ಕೈಗೇ ಬರಲಿಲ್ಲವಲ್ಲ. ಕೈಗೆ ಬಂದದ್ದನ್ನು ಮಾತ್ರ ಪಾಲು ಮಾಡುವುದು," ಎಂದೆ.

"ಕೈಗೆ ಬರಲಾರದ್ದು ಲೆಕ್ಕದಾಗ ಇರಂಗಿಲ್ಲೇನು?"

ಅರ್ಧ ಕೂಲಿ ಯಾಕೆ ಬಿಡುತ್ತೀರಿ, ಇಲ್ಲಿ ಕೂತು ಮಾಡುವುದೇನು ಎಂದು ಕೇಳಿಬಿಟ್ಟೆ.

"ಏನಿಲ್ರಿ, ಮಾತಾಡ್ತೀವಿ," ಎಂದಳು. "ನಮ್ಮ ಊರಾಗ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ. ಬಸವಣ್ಣನ ದಿನ. ಎತ್ತಿಗೇ ಒಂದು ದಿನ ಸೂಟಿ ಅದ, ನಮಗ ಅರ್ಧಾ ದಿನ ಬ್ಯಾಡೇನ್ರಿ? ಉಳಿದ ದಿನ ಎಲ್ಲಾ ಇಟ್ಟಂಗಿ ತಾ, ರೇತಿ ತಾ, ಇಷ್ಟ ಮಾತು. ಅದೂ ಹಿಂದಿ. ಒಂದು ದಿನ ಬಾಯಿ ತುಂಬ ಮಾತಾಡ್ಲಿಲ್ಲಂದ್ರ ನಾಲಿಗಿ ತುಕ್ಕ ಹಿಡೀತದ."

ಉಳಿದವರು ತಲೆಯಾಡಿಸಿದರು. ಆಮೇಲೆ ಅವರಿಗೆ ನಾನು ಬೇಕಾಗಲಿಲ್ಲ. ಅತ್ತೆ ಶೇಂಗಾ ಹಿಂಡಿಯ ಡಬ್ಬಿ ಬಿಚ್ಚಿದರು, ನಾನು ಮುರಿದ ಮೂರು ಪಾಲನ್ನೂ ಶಾಂತವ್ವ ಒಂದೊಂದಾಗಿ ತಿಂದು ಮುಗಿಸಿದಳು. ಹಿರೇ ಎಮ್ಮೆ ಬಂತು, ಬದುವಿನ ಕೇಸು ಬಂತು. ಕಲ್ಲವ್ವನ ಹೆಸರು ಬಂದಾಗ ನಾನು ದೂರದಿಂದಲೇ, "ಅವರು ನಿಂಗವ್ವನ ಎರಡನೆಯ ಸೊಸೆ," ಎಂದೆ. ಅತ್ತೆ ನನ್ನ ಕಡೆ ತಿರುಗಿ ನಕ್ಕರು. ಇಷ್ಟು ವರ್ಷದಲ್ಲಿ ಅವರು ನನ್ನನ್ನು ನೋಡಿ ಹಾಗೆ ನಕ್ಕದ್ದು ಅದೇ ಮೊದಲು.

ಹೊರಡುವಾಗ ಅತ್ತೆ, "ಅಳಿಯಂದ್ರ, ಆ ಕಾಯಿ ರೊಕ್ಕಾ ಕೊಟ್ಟುಬಿಡ್ರಿ," ಎಂದರು. ನಾನು ಫೋನು ತೆಗೆದೆ. ಮೂರು ಖಾತೆಗಳು 'ಯಾವುದು?' ಎಂದು ನನ್ನನ್ನು ನೋಡಿದವು. ಬದುಕಿರುವ ಅತ್ತೆಯ ಶಾಂತಿಗಾಗಿ ಒಡೆದ ಕಾಯಿಯನ್ನು ಜರೂರಿ ಎನ್ನಲೇ, ಮಜಾ ಎನ್ನಲೇ? ನಾನು ನಿರ್ಧರಿಸುವ ಮೊದಲೇ ಶಾಂತವ್ವ ಕೈ ಅಡ್ಡ ಹಿಡಿದಳು. "ಬ್ಯಾಡ್ರಿ. ಆಯಿ ಸಲುವಾಗಿ ಒಡದದ್ದು. ವಾಪಸ್ ತಗೊಂಡ್ರ ಆಯಿಗೆ ಏನರ ಆದೀತು," ಎಂದಳು. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಆ ರಾತ್ರಿ ಚೀಟಿಯನ್ನು ಮತ್ತೆ ಬರೆದೆ. ಜರೂರಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಅತ್ತೆಯ ಸೋಮವಾರ. ಹಾಗೆ ಬರೆದಾಗ ಫಸ್ಟ್ ಕ್ಲಾಸ್ ಪಾಸು ಎರಡನೆಯ ಸಾಲಿಗೆ ಇಳಿಯಿತು. ಬಚತ್ ಖಾತೆ ಮಾತ್ರ ಇದ್ದಲ್ಲೇ ಇತ್ತು, ಮಾನಸಿಯ ಫೀಸೂ ಇದ್ದಲ್ಲೇ ಇತ್ತು. ಗಿರಿಜಾ ನನ್ನ ಹಿಂದೆ ನಿಂತು ಓದಿದಳು. ಈ ಸಲ ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಈಗ ಹೆಂಗದರೀ ನೋವು?" ಎಂದು ಮಾತ್ರ ಕೇಳಿದಳು. ನಿಜ ಹೇಳಬೇಕೆಂದರೆ, ನೆಲದ ಮೇಲೆ ಮಲಗುವುದನ್ನು ಬಿಟ್ಟ ದಿನವೇ ಬೆನ್ನು ವಾಸಿಯಾಗಿತ್ತು. ಪಾಸು ಮುಗಿದ ಮೇಲೆ ಕೌಂಟರಿನಲ್ಲಿ ಸೆಕೆಂಡ್ ಕ್ಲಾಸ್ ಎಂದೆ. ಎರಡು ಪಾಸುಗಳ ಬೆಲೆಯ ನಡುವಿನ ಅಂತರ ನೇರ ಬಚತ್ ಖಾತೆಗೆ ಹೋಯಿತು. ಅದು ಅತ್ತೆಯ ನಾಲ್ಕು ಸೋಮವಾರಕ್ಕಿಂತ ಎಷ್ಟು ಹೆಚ್ಚಿತ್ತು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ನನ್ನ ಹಳೆಯ ಲೋಕಲ್ಲಿನ ಹಳೆಯ ಬೋಗಿಗೆ ಹತ್ತಿದೆ. ಒಂಬತ್ತು ವರ್ಷದ ಹಿಂದೆ ನಾನು ಬಿಟ್ಟುಹೋದ ಗುಂಪು ಅದೇ ಕಿಟಕಿಯ ಬಳಿ ಇತ್ತು. ಕೂದಲು ಕಡಿಮೆಯಾಗಿತ್ತು, ಮಾತು ಕಡಿಮೆಯಾಗಿರಲಿಲ್ಲ. ನಮ್ಮ ಕುಂದಾಪುರ ಕಡೆಯ ಪ್ರಭಾಕರಣ್ಣ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಹೋ, ಎಂತ ಮಾರ್ರೆ, ನೀವಿನ್ನೂ ಇದ್ದೀರಾ?" ಎಂದರು. ನನ್ನ ಎದೆ ಸ್ವಲ್ಪ ಉಬ್ಬಿತು. ಹಾಗಾದರೆ ಇವರೂ ನನ್ನನ್ನು ನೆನೆದು ಕಂಗಾಲಾಗಿದ್ದರು.

"ನಾನು ಬರುವುದನ್ನು ನಿಲ್ಲಿಸಿದಾಗ ನೀವೆಲ್ಲ ಎಂತ ಮಾಡಿದ್ರಿ?" ಎಂದು ಕೇಳಿದೆ.

"ಎಂತ ಮಾಡುದು? ನಿಮ್ಮ ಜಾಗದಲ್ಲಿ ಸಾವಂತ ಬಂದು ಕೂತ."

"ಒಂದು ಕಾಯಿಯಾದರೂ ಒಡೆಸಲಿಲ್ಲವಾ?"

"ಎಂತ ಕಾಯಿ?"

"ಎಂತದ್ದೂ ಇಲ್ಲ," ಎಂದೆ.

ಪ್ರಭಾಕರಣ್ಣ ಆದರೂ ಒಳ್ಳೆಯವರು. ಸಾವಂತನ ತೊಡೆಗೆ ಒಂದೇಟು ಕೊಟ್ಟು ಅವನನ್ನು ಒಳಗೆ ಸರಿಸಿ, ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವನಾಗಿ ನನಗೆ ಜಾಗ ಮಾಡಿಕೊಟ್ಟರು. ಕೂತೆ. ಗಾಡಿ ಹೊರಟಿತು. ನನ್ನ ದೇಹದ ಐವತ್ತು ಪಾಲು ಸೀಟಿನ ಮೇಲಿತ್ತು, ಮೂವತ್ತು ಪಾಲು ಗಾಳಿಯಲ್ಲಿ ತೂಗುತ್ತಿತ್ತು, ಉಳಿದ ಇಪ್ಪತ್ತು ಪಾಲು ಸಾವಂತನ ತೊಡೆಯ ಮೇಲಿತ್ತು. ಕಾಲುಚೀಲವಿಲ್ಲದ ಆ ಹುಡುಗ ಹೇಳಿಕೊಟ್ಟ ಲೆಕ್ಕ ನನ್ನ ಜೀವನದಲ್ಲಿ ಸರಿಯಾಗಿ ಕೂಡಿಬಂದದ್ದು ಆವತ್ತೊಂದೇ ಸಲ.